ಸ್ಟುಡಿಯೋ ಮಾಮ ಹೆಣವಾಗಿ ಕುಳಿತ ದಿನ

ಹೋದ ವಾರ ಹರಪನಹಳ್ಳಿ ಬಸ್ ನಿಲ್ದಾಣದ ಹೊರಗೆ ಸೌತೆಕಾಯಿ ಮಾರುವ ಗಾಡಿಯೊಂದರ ಮುಂದೆ ನಿಂತುಬಿಟ್ಟೆ. ನೆರಳಿಗೆಂದು ಗಾಡಿಗೆ ಕಟ್ಟಿದ್ದದ್ದು ಮಾಮೂಲಿ ಛತ್ರಿಯಲ್ಲ. ಫೋಟೋ ಸ್ಟುಡಿಯೋದಲ್ಲಿ ದೀಪದ ಮುಂದೆ ಬಿಚ್ಚಿಡುತ್ತಾರಲ್ಲ, ಬೆಳಕನ್ನು ಮೆತ್ತಗೆ ಮಾಡುವ ತೆಳು ಬಿಳಿ ಛತ್ರಿ, ಅದು. ಧೂಳು ಹಿಡಿದು ಮಜ್ಜಿಗೆ ಬಣ್ಣಕ್ಕೆ ತಿರುಗಿತ್ತು. ಎರಡು ಕಡ್ಡಿ ಮುರಿದಿದ್ದವು. ಎಲ್ಲಿಂದ ತಂದಿರಿ ಇದನ್ನು ಎಂದು ಕೇಳಿದೆ. "ಯಾವ್ದೋ ಸ್ಟುಡಿಯೋ ಖಾಲಿ ಮಾಡಿದ್ರಂತ್ರಿ, ಗುಜರಿಯಾಗ ಸಿಕ್ತು" ಎಂದಳು ಮಾರುವಾಕೆ. ಯಾವ ಊರಿನ ಸ್ಟುಡಿಯೋ ಎಂದು ಕೇಳುವ ಧೈರ್ಯವಾಗಲಿಲ್ಲ...

ಕೊಟ್ಟೂರಿನಲ್ಲಿ ನಮ್ಮ ಮನೆಯ ಎದುರು ಸಾಲಿನಲ್ಲಿ ಒಂದು ಸ್ಟುಡಿಯೋ ಇತ್ತು. ಅದನ್ನು ನಡೆಸುತ್ತಿದ್ದವರನ್ನು ನಾನು ಮಾಮ ಎನ್ನುತ್ತಿದ್ದೆ. ನಮಗೆ ಸಂಬಂಧಿಕರೇನಲ್ಲ, ಎದುರು ಮನೆಯವರು ಎಂಬುದಷ್ಟೇ ನಂಟು. ನಾನು ಹುಟ್ಟಿದ ಹನ್ನೊಂದನೇ ದಿನದ ಫೋಟೋ ತೆಗೆದವರು ಅವರು. ಹತ್ತನೇ ತರಗತಿಯ ಪರೀಕ್ಷೆಗೆ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆದು, "ನಗಬ್ಯಾಡ, ಪರೀಕ್ಷಾದಾಗ ನಗೋರನ್ನ ಒಳಗ ಬಿಡಂಗಿಲ್ಲ" ಎಂದು ಹೆದರಿಸಿದವರೂ ಅವರೇ.

ಅವರಿಗೆ ಇನ್ನೊಂದು ಕೆಲಸವಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಯಾರಾದರೂ ತೀರಿಕೊಂಡರೆ ಮಾಮನಿಗೆ ಕರೆ ಬರುತ್ತಿತ್ತು. ನಮ್ಮ ಕಡೆ ಹೆಣವನ್ನು ಕುರ್ಚಿಯ ಮೇಲೆ ಕೂರಿಸಿ, ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಕಡೆಯ ಫೋಟೋ ತೆಗೆಸುವುದುಂಟು. ಎಷ್ಟೋ ಜನರಿಗೆ ಅದು ಕಡೆಯದೂ ಹೌದು, ಮೊದಲನೆಯದೂ ಹೌದು. ಹಾಗೆ ತೆಗೆದ ಫೋಟೋದಲ್ಲಿ ಮಾಮ ಸತ್ತವರ ಕಣ್ಣು ತೆರೆಸಿ ಕೊಡುತ್ತಿದ್ದರು. ಮೊದಲು ಸಣ್ಣ ಕುಂಚದಿಂದ, ಆಮೇಲೆ ಕಂಪ್ಯೂಟರಿನಲ್ಲಿ. ಮನೆಯ ಮಗನದೋ ತಮ್ಮನದೋ ಕಣ್ಣನ್ನು ನೋಡಿ ಅದೇ ತರಹದ್ದನ್ನು ಕೂರಿಸುತ್ತಿದ್ದರು. "ಮನಿಮಂದಿಗೆ ಮುಚ್ಚಿದ ಕಣ್ಣು ನೋಡಾಕ ಆಗಂಗಿಲ್ಲವ್ವ" ಎನ್ನುತ್ತಿದ್ದರು.

ಡಿಗ್ರಿಯ ಕೊನೆಯ ವರ್ಷ ನನಗೂ ನನ್ನ ಗೆಳತಿಯೊಬ್ಬಳಿಗೂ ಕಿರುಚಿತ್ರ ಮಾಡುವ ಹುಚ್ಚು ಹತ್ತಿತು. ನಾನು ಬರೆದ ಕಥೆ ಮಾಮನ ಕೆಲಸದಿಂದಲೇ ಎತ್ತಿಕೊಂಡದ್ದು. ಬದುಕಿದ್ದಾಗ ಅಪ್ಪನ ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಳ್ಳದ ಮಗ, ಅಪ್ಪ ಸತ್ತ ಮೇಲೆ ಕುರ್ಚಿಯ ಪಕ್ಕ ಬಂದು ನಿಲ್ಲುತ್ತಾನೆ. ಇಷ್ಟೇ. ಹನ್ನೆರಡು ನಿಮಿಷದ ಚಿತ್ರ. ನಮ್ಮ ಹತ್ತಿರ ಕಥೆ ಬಿಟ್ಟರೆ ಏನೂ ಇರಲಿಲ್ಲ. ಕ್ಯಾಮೆರಾ ಮಾಮನದು. ಜೇಡರ ಬಲೆ ಹೊಡೆಯುವ ಕೋಲಿಗೆ ಮೈಕು ಕಟ್ಟಿದೆವು. ಮದುವೆ ಮಂಟಪಕ್ಕೆ ಹೆಸರು ಕತ್ತರಿಸಿ ಉಳಿದ ಥರ್ಮಾಕೋಲ್ ಹಾಳೆಗಳು ಬೆಳಕು ತಿರುಗಿಸಲು ಬಂದವು. ಕ್ಯಾಮೆರಾ ಸರಿದಾಡಬೇಕಾದ ಕಡೆ ತರಕಾರಿ ತಳ್ಳುವ ಗಾಡಿಯ ಚಕ್ರಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು, ಅದರ ಮೇಲೆ ನಾನೇ ಕುಳಿತೆ. ಗೆಳತಿ ತಳ್ಳಿದಳು. ಮಾಮ ನೋಡಿ ನಗುತ್ತಲೇ ಒಂದೊಂದನ್ನೂ ತಿದ್ದಿದರು. ಕಿಟಕಿಗೆ ಕಂಬಳಿ ಕಟ್ಟಿದರೆ ಬೀದಿಯ ಗದ್ದಲ ತಗ್ಗುತ್ತದೆ ಎಂದು ಕಲಿಸಿದವರು ಅವರೇ.

ಎಲ್ಲ ಸಿಕ್ಕಿತು, ಹೆಣ ಸಿಗಲಿಲ್ಲ. ಕೇಳಿದ ಹಿರಿಯರೆಲ್ಲ ಬೈದು ಕಳಿಸಿದರು. ಒಬ್ಬ ಅಜ್ಜ ಕೋಲು ಹಿಡಿದು ಬೀದಿ ತಿರುವಿನವರೆಗೆ ಅಟ್ಟಿಸಿಕೊಂಡು ಬಂದ. ಸ್ಟುಡಿಯೋ ಮೆಟ್ಟಿಲ ಮೇಲೆ ಸಪ್ಪಗೆ ಕುಳಿತಿದ್ದಾಗ ಮಾಮ ಒಳಗಿನಿಂದಲೇ ಹೇಳಿದರು: "ನಾ ಕುಂದರ್ತೀನಿ ಬಿಡು. ಇಷ್ಟು ಮಂದೀನ ಕುಂದ್ರಿಸೀನಿ, ಒಂದ್ಸಲ ನಾನೂ ಕುಂತು ನೋಡ್ತೀನಿ."

ಅತ್ತೆ, ಅಂದರೆ ಮಾಮನ ಹೆಂಡತಿ, ಎಷ್ಟು ಬೇಡವೆಂದರೂ ಮಾಮ ಕೇಳಲಿಲ್ಲ. ಚಿತ್ರೀಕರಣದ ದಿನ ಬೆಳಿಗ್ಗೆಯೇ, "ನನ್ನ ಕಣ್ಣ ಮುಂದ ಬ್ಯಾಡ" ಎಂದು ಆಕೆ ಕೂಡ್ಲಿಗಿಯ ತವರಿಗೆ ಹೊರಟುಹೋದಳು. ಅತ್ತೆ ಅಂದು ಅಲ್ಲಿದ್ದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

ಹಿಂದಿನ ಓಣಿಯಲ್ಲಿ ಬಾಡಿಗೆಯವರು ಬಿಟ್ಟು ಖಾಲಿಯಾಗಿದ್ದ ಮನೆಯೊಂದನ್ನು ಸಾವಿನ ಮನೆ ಮಾಡಿದೆವು. ಬಾಗಿಲ ಮುಂದೆ ಕುಳ್ಳು, ಅಂದರೆ ಸಗಣಿಯ ಬೆರಣಿ, ಹಚ್ಚಿ ಹೊಗೆ ಎಬ್ಬಿಸಿದೆವು. ಮಾಮ ಬಿಳಿ ಅಂಗಿ ಹಾಕಿಕೊಂಡು ಬಂದು ತಾವೇ ವಿಭೂತಿ ಹಚ್ಚಿಕೊಂಡರು, ಗದ್ದಕ್ಕೆ ಬಟ್ಟೆ ಕಟ್ಟಿಕೊಂಡರು. "ಕತ್ತು ಇಷ್ಟು ನೆಟ್ಟಗ ಇರಂಗಿಲ್ಲ, ಒಂಚೂರು ಎಡಕ್ಕ ವಾಲಿರ್ತೈತಿ. ಬೆರಳು ಮಡಚಿಗೊಂಡಿರ್ತಾವ" ಎನ್ನುತ್ತ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಮುಚ್ಚಿದ್ದೇ ತಡ, ಆ ಮನುಷ್ಯ ನಿಜವಾಗಿಯೂ ಹೊರಟುಹೋದ ಹಾಗಿತ್ತು. ಗೆಳತಿ ಹೆದರಿ, "ಮಾಮ, ಒಂದ್ಸಲ ಮಾತಾಡ್ರಿ" ಎಂದಳು. ಕಣ್ಣು ತೆರೆಯದೆಯೇ, "ಸತ್ತೋರು ಮಾತಾಡ್ತಾರೇನು? ಕ್ಯಾಮೆರಾ ನೋಡ್ಕೊ" ಎಂದರು.

ಬೆಳಗಿನ ದೃಶ್ಯಗಳು ಚೆನ್ನಾಗಿಯೇ ಬಂದವು. ಮಗನ ಪಾತ್ರ ಮಾಡಿದ ಸಹಪಾಠಿ ತನ್ನ ಪಾಲು ಮುಗಿಸಿ ಮನೆಗೆ ಹೋದ. ಆದರೆ ಹೊರಗೆ ನಡೆದದ್ದು ನಮಗೆ ಗೊತ್ತಿರಲಿಲ್ಲ. ದಾರಿಹೋಕರಲ್ಲಿ ಯಾರೋ ಬಾಗಿಲಿನಿಂದ ಇಣುಕಿ, ಹಾರ ಹಾಕಿ ಕುಳಿತ ಮಾಮನ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು, 'ಓಂ ಶಾಂತಿ' ಎಂದು ಬರೆದು ಸ್ಟೇಟಸ್ ಹಾಕಿಬಿಟ್ಟಿದ್ದರು. ತಮಾಷೆಗೋ, ನಿಜವೆಂದು ನಂಬಿಯೋ, ಇವತ್ತಿಗೂ ಗೊತ್ತಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಉಳಿದದ್ದು ಒಂದೇ ದೃಶ್ಯ. ಸತ್ತವನ ಬಳಗದ ಹೆಂಗಸೊಬ್ಬಳು ಬಾಗಿಲಿನಿಂದ ಓಡಿಬಂದು ಹೆಣದ ಮುಂದೆ ಅಳಬೇಕು. ಅದಕ್ಕೆ ಪಕ್ಕದ ಓಣಿಯ ಒಬ್ಬ ಹಿರಿಯ ಹೆಂಗಸನ್ನು ಗೆಳತಿ ಗೊತ್ತು ಮಾಡಿದ್ದಳು. ನಾನು ಆಕೆಯ ಮುಖ ನೋಡಿರಲಿಲ್ಲ. ಮಾಮ ಕುರ್ಚಿಯಲ್ಲಿ ಸಿದ್ಧವಾಗಿ ಕುಳಿತರು. ಗೆಳತಿ ಮೈಕಿನ ಕೋಲು ಹಿಡಿದು ಮೂಲೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದಳು. ಬೆಳಕು ಸರಿಯಾಗಿದೆಯೋ ನೋಡೋಣವೆಂದು ನಾನು ಸುಮ್ಮನೆ ಕ್ಯಾಮೆರಾ ಓಡಿಸಿದೆ. ಅಷ್ಟರಲ್ಲೇ ಆಕೆ ಬಂದಳು.

ಓಡಿ ಬರಲಿಲ್ಲ. ಹೊಸ್ತಿಲ ಮೇಲೆ ನಿಂತಳು. ಅರವತ್ತರ ಮೇಲಿನ ವಯಸ್ಸು, ಕಾಲಲ್ಲಿ ಚಪ್ಪಲಿ ಇಲ್ಲ, ಕೈಯಲ್ಲಿ ಮುದುಡಿದ ಬಸ್ ಟಿಕೆಟ್. ಮಾಮನನ್ನೇ ನೋಡುತ್ತ ಒಂದೊಂದೇ ಹೆಜ್ಜೆ ಇಟ್ಟು ಬಂದು, ಕಾಲ ಬುಡದಲ್ಲಿ ಕುಸಿದು, ಎರಡೂ ಪಾದಗಳನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ದನಿ ಎತ್ತಿದಳು. ನಮ್ಮ ಕಡೆ ಹೆಂಗಸರು ಹಾಡಿಕೊಂಡು ಅಳುತ್ತಾರಲ್ಲ, ಹಾಗೆ.

"ಸತ್ರೂ ನಿನ್ನ ಮುಖ ನೋಡಂಗಿಲ್ಲ ಅಂದಿದ್ನೆಲ್ಲೋ ತಮ್ಮಾ... ನೋಡಾಕ ಬಂದೀನೋ... ಒಂಬತ್ತು ವರ್ಷ ನಿನ್ನ ಬಾಗಿಲ ಮುಂದ ಬಸ್ಸಿನಾಗ ಹಾದು ಹೋಗೀನೋ, ಇಳೀಲಿಲ್ಲೋ... ಜಾಗ ಕೇಳಿದ ಬಾಯಿಗೆ ಹುಳ ಬೀಳ್ಲೋ... ನನಗ ಏನೂ ಬ್ಯಾಡೋ, ಎದ್ದು ಒಂದ್ಸಲ ಅಕ್ಕ ಅನ್ನೋ..."

ನಾನು ಬರೆದುಕೊಟ್ಟದ್ದು ಇದಲ್ಲ. ಆದರೂ ಎಂಥ ನಟಿಯನ್ನು ಹುಡುಕಿ ತಂದಿದ್ದಾಳೆ ಗೆಳತಿ ಎಂದು ಹಿಗ್ಗಿದೆ. ಕ್ಯಾಮೆರಾವನ್ನು ಆಕೆಯ ಮುಖದಿಂದ ಮೆಲ್ಲಗೆ ಮಾಮನ ಮುಖಕ್ಕೆ ಏರಿಸಿದೆ...

ಆಗ ನನ್ನ ಭುಜವನ್ನು ಯಾರೋ ತಟ್ಟಿದರು. ತಿರುಗಿದರೆ ಎಲೆ ಅಡಿಕೆ ಜಗಿಯುತ್ತಿದ್ದ ಒಬ್ಬ ಹೆಂಗಸು. ಮೆಲ್ಲಗೆ ಕೇಳಿದಳು: "ಅಳಾಕ ಬಾ ಅಂದಿದ್ರಲ್ಲವ್ವ, ತಡ ಆತೇನು? ಇನ್ನೊಬ್ಬಾಕಿನ್ನ ಕರಸಿಬಿಟ್ರೇನು?"

ನಾವು ಕರೆಸಿದಾಕೆ ಇವಳಾದರೆ ಅಲ್ಲಿ ಅಳುತ್ತಿರುವವಳು ಯಾರು? ಗೆಳತಿಯತ್ತ ನೋಡಿದೆ. ಅವಳ ಬಾಯಿ ತೆರೆದೇ ಇತ್ತು. ನಿಲ್ಲಿಸು ಎನ್ನಬೇಕಿತ್ತು ನಾನು. ಎನ್ನಲಿಲ್ಲ. ನಿಜ ಹೇಳಬೇಕೆಂದರೆ, ಬೆರಳೂ ನಿಲ್ಲಿಸುವ ಗುಂಡಿಯನ್ನು ಒತ್ತಲಿಲ್ಲ.

ಇನ್ನೂ ಎಷ್ಟು ಹೊತ್ತು ಹಾಗೇ ನಡೆಯಿತೋ. ಕೊನೆಗೆ ಮಾಮ ಕಣ್ಣು ತೆರೆದು, "ಅಕ್ಕಾ" ಎಂದರು. ಗದ್ದಕ್ಕೆ ಕಟ್ಟಿದ ಬಟ್ಟೆಯಿಂದಾಗಿ ಅದು ಸರಿಯಾಗಿ ಹೊರಗೆ ಬರಲೂ ಇಲ್ಲ.

ಆಕೆ ಚೀರಲಿಲ್ಲ. ಪಾದ ಬಿಟ್ಟು ಹಿಂದಕ್ಕೆ ಕುಳಿತಳು. ಮಾಮನನ್ನು ನೋಡಿದಳು, ಕ್ಯಾಮೆರಾ ನೋಡಿದಳು, ಥರ್ಮಾಕೋಲ್ ಹಾಳೆ ನೋಡಿದಳು, ಕೋಲಿನ ತುದಿಯ ಮೈಕು ನೋಡಿದಳು.

"ನಾಟಕ ಏನೋ ಇದು?"

ಮಾಮ ಬಟ್ಟೆ ಬಿಚ್ಚಲು ತಡಕಾಡುತ್ತಿದ್ದರು.

"ನಾ ಅಂದಿದ್ದೆಲ್ಲಾ ಕೇಳಿಸಿಗೊಂಡು ಸುಮ್ನ ಕುಂತಿದ್ದೆಲ್ಲೋ?" ಎಂದವಳೇ ಎದ್ದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಗೆ ನಡೆದಳು.

ಮಾಮ ಹಾರದ ಸಮೇತ ಓಡಿದರು. ನಾನೂ ಹಿಂದೆ ಓಡಿದೆ. ಬಸ್ ನಿಲ್ದಾಣದ ದಾರಿಯಲ್ಲಿ ಜನ ಕಂಡದ್ದು ಏನೆಂದರೆ, ಬೆಳಿಗ್ಗೆ ಸತ್ತ ಮನುಷ್ಯ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಓಡಿ ಬರುತ್ತಿದ್ದಾನೆ! ಚಹಾ ಅಂಗಡಿಯಲ್ಲಿ ಒಬ್ಬರ ಕೈಯಿಂದ ಲೋಟ ಜಾರಿತು. ಸ್ಟುಡಿಯೋ ಕಡೆಗೆ ಹಾರ ಹಿಡಿದು ಬರುತ್ತಿದ್ದ ಇಬ್ಬರು ಅಲ್ಲೇ ಕಲ್ಲಾಗಿ ನಿಂತರು. ಹಗರಿಬೊಮ್ಮನಹಳ್ಳಿಯ ಬಸ್ಸು ಹೊರಡಲು ನಿಂತಿತ್ತು. ಆಕೆ ಹತ್ತಿ ಕಿಟಕಿಯ ಪಕ್ಕ ಕುಳಿತಳು. ಮಾಮ ಹೊರಗಿನಿಂದ ಸರಳು ಹಿಡಿದು, "ಅಕ್ಕ, ಅಕ್ಕ, ಇಳಿ, ಮನಿಗೆ ಬಾ" ಎಂದರು. ಆಕೆ ಮುಖ ತಿರುಗಿಸಲಿಲ್ಲ. ಬಸ್ಸು ಹೊರಟಿತು.

ಸ್ಟುಡಿಯೋ ಮೆಟ್ಟಿಲ ಮೇಲೆ ಕುಳಿತು ಮಾಮ ಎಲ್ಲ ಹೇಳಿದರು. ತಾಯಿ ಬೇಗ ತೀರಿಕೊಂಡಿದ್ದರಿಂದ ಅವರನ್ನು ಎತ್ತಿ ಆಡಿಸಿ ಬೆಳೆಸಿದವಳು ಈ ಅಕ್ಕ. ಅಪ್ಪ ಸತ್ತ ಮೇಲೆ ಸ್ಟುಡಿಯೋ ನಿಂತ ಜಾಗದಲ್ಲಿ ತನಗೂ ಪಾಲು ಬೇಕೆಂದಳು. ಕೇಳಿದ್ದು ಆಕೆಯ ಹಕ್ಕೇ. ಮಾಮ ಸಿಟ್ಟಿನಲ್ಲಿ, ಇನ್ನು ನನಗೆ ಅಕ್ಕ ಇಲ್ಲ ಎಂದಿದ್ದರು. ಸತ್ತರೂ ನಿನ್ನ ಮುಖ ನೋಡುವುದಿಲ್ಲ ಎಂದು ಆಕೆ ಹೋಗಿದ್ದಳು. ಉಳಿದದ್ದು ನಮಗೆ ತಿಳಿದದ್ದು ಎಷ್ಟೋ ದಿನದ ಮೇಲೆ: ಆ ದಿನ ಆಕೆಯ ಸೊಸೆ ಸ್ಟೇಟಸ್ ತೋರಿಸಿದ್ದೇ ತಡ, ಚಪ್ಪಲಿ ಕೂಡ ಮೆಟ್ಟದೆ ಬಸ್ಸು ಹತ್ತಿದ್ದಳಂತೆ. ಬಂದು ನೋಡಿದರೆ ಸ್ಟುಡಿಯೋ ಬಾಗಿಲು ಹಾಕಿದೆ. ಪಕ್ಕದ ಬೀಡಾ ಅಂಗಡಿಯವನನ್ನು, ಎಲ್ಲಿ ಅದಾನ ಎಂದು ಕೇಳಿದ್ದಾಳೆ. ಅವನು ಹಿಂದಿನ ಓಣಿಯತ್ತ ಕೈ ತೋರಿಸಿದ್ದಾನೆ. ಅವಳು ಹೆಚ್ಚಿಗೆ ಕೇಳಲಿಲ್ಲ, ಅವನು ಹೆಚ್ಚಿಗೆ ಹೇಳಲಿಲ್ಲ.

"ದನಿ ಕೇಳಿದ ಕೂಡ್ಲೆ ಗೊತ್ತಾತವ್ವ" ಎಂದರು ಮಾಮ. "ಎದ್ದುಬಿಡಬೇಕಿತ್ತು. ಎದ್ರ ಆಕಿ ಮಾತು ನಿಲ್ತಾವ ಅನಿಸ್ತು... ಒಂಬತ್ತು ವರ್ಷ ಆಗಿತ್ತಲ್ಲ ಆ ದನಿ ಕೇಳಿ." ಕೊರಳಿನ ಹಾರ ತೆಗೆದು ಮಡಿಲಲ್ಲಿ ಇಟ್ಟುಕೊಂಡು, "ಅದನ್ನಷ್ಟು ಅಳಿಸಿಬಿಡು. ಆಕಿ ಮಾನ ಅದು" ಎಂದರು.

ಆಯ್ತು ಮಾಮ ಎಂದೆ. ನನ್ನ ಕಣ್ಣ ಮುಂದೆ ಈಗಲೇ ಅಳಿಸು ಎಂದು ಅವರು ಅನ್ನಲಿಲ್ಲ. ನಂಬಿದರು.

ನಾನು ಅಳಿಸಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತು ಅದನ್ನು ಮತ್ತೆ ಮತ್ತೆ ನೋಡಿದೆ. ಆಕೆ ಪಾದದ ಮೇಲೆ ಮುಖ ಇಟ್ಟು ಅಳುತ್ತಿದ್ದಾಗ ಮಾಮನ ಮುಚ್ಚಿದ ಕಣ್ಣಿನಿಂದ ಒಂದು ಹನಿ ಹೊರಟು, ವಿಭೂತಿಯನ್ನು ಸೀಳಿಕೊಂಡು ಕೆನ್ನೆಗೆ ಇಳಿದಿತ್ತು. ಆಕೆ ಅದನ್ನು ನೋಡಿರಲಿಲ್ಲ. ನೋಡಿದ್ದು ಕ್ಯಾಮೆರಾ ಮಾತ್ರ. ಎಲೆ ಅಡಿಕೆಯ ಹೆಂಗಸಿನಿಂದ ಇನ್ನೊಂದು ದಿನ ತೆಗೆಸಿದ ಅಳು ಅದರ ಮುಂದೆ ಸಪ್ಪೆಯಾಗಿತ್ತು. ಹೆಣ ಕಣ್ಣೀರು ಹಾಕಿದರೆ ಕಥೆ ಸುಳ್ಳಾಗುತ್ತದೆ ಎಂಬುದೂ ನನಗೆ ತೋಚಲಿಲ್ಲ. ಸುಳ್ಳಾಗಲೂ ಇಲ್ಲ. ಸತ್ತ ಅಪ್ಪ ಅಳುತ್ತಾನೆ ಎಂದೇ ನೋಡಿದವರು ಅರ್ಥ ಮಾಡಿಕೊಂಡರು. ಗೆಳತಿ ಬೇಡವೆಂದಳು. ನಾನು ಅವಳ ಬಾಯಿ ಮುಚ್ಚಿಸಿದೆ.

ಕೂಡ್ಲಿಗಿಯ ಒಂದು ಸಭಾಂಗಣದಲ್ಲಿ ಸುತ್ತಲಿನ ತಾಲೂಕುಗಳ ಹುಡುಗ ಹುಡುಗಿಯರು ಮಾಡಿದ ಕಿರುಚಿತ್ರಗಳನ್ನು ತೋರಿಸಿದರು. ಮಾಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅತ್ತೆಯ ಜೊತೆ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಮೊದಲೇ ಹೇಳಿಬಿಡಬೇಕು ಎಂದು ಎರಡು ಸಲ ಅವರ ಹತ್ತಿರ ಹೋಗಿ, ಎರಡು ಸಲವೂ ನೀರು ಬೇಕೇನ್ರಿ ಎಂದು ಕೇಳಿ ವಾಪಸು ಬಂದೆ.

ಆ ದೃಶ್ಯ ಬಂತು. ಸಭೆ ಗಪ್ಪಾಯಿತು. ಅಲ್ಲಲ್ಲಿ ಮೂಗು ಒರೆಸುವ ಸದ್ದು. ಮಾಮ ಎದ್ದು ನಿಂತರು. ಪ್ರೊಜೆಕ್ಟರಿನ ಬೆಳಕಿಗೆ ಅಡ್ಡವಾಗಿ ಅವರ ನೆರಳು ಪರದೆಯ ಮೇಲೆ ಅಕ್ಕನ ಮುಖವನ್ನು ಪೂರ್ತಿ ಮುಚ್ಚಿತು. ಹಿಂದಿನಿಂದ ಯಾರೋ, "ಏ ಕುಂದ್ರಪ್ಪೋ" ಎಂದು ಕೂಗಿದರು. ಅವರು ಕೂರಲಿಲ್ಲ, ಹೋಗಲೂ ಇಲ್ಲ. ಆಕೆಯ ಅಳು ಮುಗಿಯುವವರೆಗೆ ಹಾಗೇ ಅಡ್ಡ ನಿಂತು, ಆಮೇಲೆ ಹೊರಗೆ ನಡೆದರು. ನಾನು ಎದ್ದು ಅವರ ಹಿಂದೆ ಹೋಗಲಿಲ್ಲ.

ಮರುದಿನ ಸ್ಟುಡಿಯೋಗೆ ಹೋದೆ.

"ಅಳಿಸ್ತೀನಿ ಅಂದಿದ್ದೆಲ್ಲವ್ವ?"

"ಮಾಮ, ಇಡೀ ಸಭಾ ಅತ್ತಿತ್ರಿ..."

"ಅತ್ತಿದ್ದು ನಮ್ಮಕ್ಕ. ಅವರಲ್ಲ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟೇ ಹೇಳಿ ಯಾರದೋ ಮದುವೆ ಆಲ್ಬಮ್ ಜೋಡಿಸತೊಡಗಿದರು.

ಆಮೇಲೆ ನಡೆದದ್ದು ನಾನು ಎಣಿಸದೇ ಇದ್ದದ್ದು. ಸಭೆಯಲ್ಲಿ ಯಾರೋ ಆ ದೃಶ್ಯವನ್ನು ಮೊಬೈಲಿನಲ್ಲಿ ಹಿಡಿದು ಹಂಚಿದ್ದರು. ಮಾಮನ ನೆರಳು ಅಡ್ಡ ಬರುವ ಮೊದಲಿನ ಒಂದಿಷ್ಟು, ಆ ಹನಿ ಇಳಿಯುವಷ್ಟು, ಅದರಲ್ಲಿ ಉಳಿದಿತ್ತು. ಕೈಯಿಂದ ಕೈಗೆ ದಾಟಿ ಅದು ಹಗರಿಬೊಮ್ಮನಹಳ್ಳಿ ಮುಟ್ಟಿ, ಅಕ್ಕನ ಕೈಗೇ ಬಂತು. ತಿಂಗಳೊಳಗೆ ಆಕೆ ರೊಟ್ಟಿ ಕಟ್ಟಿಕೊಂಡು ಕೊಟ್ಟೂರಿಗೆ ಬಂದಳು. ಬಾಗಿಲಲ್ಲಿ ನಿಂತು, "ನೀನೂ ಅತ್ತೀದಿ. ನನಗ ಗೊತ್ತಿರಲಿಲ್ಲ" ಎಂದಳಂತೆ. ಅಕ್ಕ ತಮ್ಮ ಒಂದೇ ಗಂಗಾಳದಲ್ಲಿ ಉಂಡರು ಎಂದು ನಮ್ಮವ್ವ ಬಂದು ಹೇಳಿದಳು.

ನಾನು ಹಿಗ್ಗಿನಿಂದ ಓಡಿದೆ. ಮಾಮ ಈಗ ಕ್ಷಮಿಸಿಯೇ ಬಿಡುತ್ತಾರೆ ಎಂಬ ನಂಬಿಕೆ. ನಡೆದದ್ದೆಲ್ಲ ಒಳ್ಳೆಯದಕ್ಕೇ ಆಯಿತು ಎಂದು ಹೇಳಿಯೂ ಹೇಳಿದೆ. ಮಾಮ ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಅಕ್ಕ ಬಂದ್ಳು, ಅದು ಬ್ಯಾರೆ. ನೀ ಮಾಡಿದ್ದು ಬ್ಯಾರೆ."

ಅವರು ನನ್ನನ್ನು ದೂರ ಮಾಡಲಿಲ್ಲ. ಮುಂದಿನ ಚಿತ್ರಕ್ಕೂ ಕ್ಯಾಮೆರಾ ಕೇಳಿದಾಗ ಚೀಲವನ್ನು ಮೇಜಿನ ಮೇಲೆ ಇಟ್ಟರು. ಬ್ಯಾಟರಿ ತುಂಬಿಸಿಯೇ ಇಟ್ಟಿದ್ದರು. ಆದರೆ ಬೆಳಕು ಎಲ್ಲಿಂದ ಬೀಳಬೇಕು, ಕಂಬಳಿ ಎಲ್ಲಿ ಕಟ್ಟಬೇಕು ಎಂದು ಒಂದು ಮಾತೂ ಹೇಳಲಿಲ್ಲ. ನೋಡಲೂ ಬರಲಿಲ್ಲ. ಕ್ಷಮೆ ಕೇಳಲು ಮನಸ್ಸಿತ್ತು. ಇವತ್ತು ಗಿರಾಕಿ ಇದ್ದಾರೆ, ನಾಳೆ ಕೇಳೋಣ... ಹೀಗೆ ದಿನ ಹೋದವು. ಹರಪನಹಳ್ಳಿಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಊರು ಬಿಟ್ಟೆ.

ಎರಡು ವರ್ಷದ ಹಿಂದೆ, ತರಗತಿ ಮುಗಿಸಿ ಹೊರಗೆ ಬಂದಾಗ ಅವ್ವನ ಫೋನು ಬಂತು. "ಸ್ಟುಡಿಯೋ ಮಾಮ ಹೋದ್ರವ್ವ" ಎಂದಳು. ನಾನು, "ಎಲ್ಲಿಗೆ?" ಎಂದೆ. ಅವ್ವ ಅಳತೊಡಗಿದಳು. ಬೆಳಿಗ್ಗೆ ಯಾರದೋ ಮನೆಯ ಗೃಹಪ್ರವೇಶದ ಫೋಟೋ ತೆಗೆಯುತ್ತಿದ್ದವರು ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲವಂತೆ.

ನಾನು ಹೋಗುವ ಹೊತ್ತಿಗೆ ಜಗುಲಿಯ ಮೇಲೆ ಕೂರಿಸಿದ್ದರು. ಕತ್ತು ಒಂಚೂರು ಎಡಕ್ಕೆ ವಾಲಿತ್ತು. ಊರಿನಲ್ಲಿ ಹೊಸದಾಗಿ ಸ್ಟುಡಿಯೋ ಹಾಕಿದ ಯಾರೋ ಫೋಟೋ ತೆಗೆಯುತ್ತಿದ್ದರು. ಸುತ್ತ ಹೆಂಗಸರೆಲ್ಲ ಹಾಡಿಕೊಂಡು ಅಳುತ್ತಿದ್ದರು. ಅಕ್ಕ ಮಾತ್ರ ತಮ್ಮನ ಮುಂಗೈ ಹಿಡಿದು ಸುಮ್ಮನೆ ಕುಳಿತಿದ್ದಳು. ಕಣ್ಣೂ ಒದ್ದೆಯಾಗಿರಲಿಲ್ಲ. ಬಂದವರಲ್ಲಿ ಒಬ್ಬಳು, "ಎದಿ ಕಟ್ಟಿಗೊಂಡು ಕುಂದ್ರಬ್ಯಾಡ, ಅತ್ತುಬಿಡು ಯಕ್ಕ" ಎಂದು ಬೆನ್ನು ಸವರಿದಳು.

ಅಕ್ಕ ತಲೆ ಅಲ್ಲಾಡಿಸಿದಳು. "ನಾ ಅವತ್ತ ಅತ್ತು ಮುಗಿಸೀನಿ" ಎಂದಳು. ಆಮೇಲೆ ನನ್ನನ್ನು ಗುರುತು ಹಿಡಿದು, ನನಗೇ ಹೇಳುವವಳಂತೆ ಹೇಳಿದಳು: "ನಾವು ಅತ್ತಿದ್ದು ಸತ್ತೋರು ಯಾರು ಕೇಳಿಸಿಗೊಂಡಾರವ್ವ? ನನ್ನ ತಮ್ಮ ಕೇಳಿಸಿಗೊಂಡು ಹೋಗ್ಯಾನ."

ಆ ಮಾತಿಗೆ ನಾನು ಬೆಚ್ಚಿದ್ದು ಇನ್ನೂ ನಿಂತಿಲ್ಲ. ಈಗ ನನ್ನ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಕಿರುಚಿತ್ರ ಮಾಡುತ್ತಾರೆ, ತೋರಿಸಲು ತರುತ್ತಾರೆ. ಬೆಳಕಿನ ಬಗ್ಗೆ, ಸದ್ದಿನ ಬಗ್ಗೆ ಮಾಮ ಕಲಿಸಿದ್ದನ್ನೆಲ್ಲ ಹೇಳಿಕೊಡುತ್ತೇನೆ. ಯಾರದಾದರೂ ನಿಜವಾದ ಅಳು ಕಂಡರೆ, ಅವರನ್ನು ಕೇಳಿದಿರಾ ಎಂದು ವಿಚಾರಿಸುತ್ತೇನೆ. ನನ್ನ ಆ ಚಿತ್ರವನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ಅಕ್ಕ ಹೇಳಬೇಕಾದದ್ದನ್ನು ಮಾಮ ಕೇಳಿಸಿಕೊಂಡು ಹೋದರು. ನಾನು ಹೇಳಬೇಕಾದದ್ದು ನನ್ನಲ್ಲೇ ಉಳಿಯಿತು...